ಹತ್ತು ಇಂಚಿನ ಸಾಕ್ಷಿ

ಎರಡು ವರ್ಷಗಳ ಹಿಂದೆ, ದೀಪಾವಳಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ, ಫರೀದಾಬಾದಿನ ನಮ್ಮ ಮನೆಯ ನೆಲಮಹಡಿಯಲ್ಲಿ ಹತ್ತು ಇಂಚಿನ ಒಂದು ಹಳೆಯ ನೆಟ್‌ಬುಕ್, ಅಂದರೆ ಪುಟ್ಟ ಲ್ಯಾಪ್‌ಟಾಪ್, ಕೈಕೊಟ್ಟಿತು. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಕಪ್ಪು ಪರದೆಯ ಮೇಲೆ ಬಿಳಿ ಗೆರೆಯೊಂದು ಮಿಣುಕುತ್ತ ನಿಂತುಬಿಡುತ್ತಿತ್ತು. ಅದರ ಮುಂದೆ ಕೂತಿದ್ದವರ ಬಲಗೈಯಲ್ಲಿ ಮೂರೇ ಬೆರಳುಗಳಿದ್ದವು: ಹೆಬ್ಬೆರಳು, ಉಂಗುರ ಬೆರಳು, ಕಿರುಬೆರಳು. ಉಳಿದೆರಡು ಇರಬೇಕಾದ ಜಾಗದಲ್ಲಿ ನುಣ್ಣಗೆ ಹೊಳೆಯುವ ಚರ್ಮವಿತ್ತು. ಚಳಿಗೆ ಅದು ಬಿರಿಯುತ್ತದೆಂದು ಅವರು ಪ್ರತಿದಿನ ಬೆಳಿಗ್ಗೆ ಸಾಸಿವೆ ಎಣ್ಣೆ ಹಚ್ಚುತ್ತಿದ್ದರು. ಹಾಗಾಗಿ ಆ ನೆಟ್‌ಬುಕ್ಕಿನ ಬಲಭಾಗದ ಕೀಲಿಗಳಿಗೆಲ್ಲ ಸಾಸಿವೆ ಎಣ್ಣೆಯ ವಾಸನೆ.

ಸುತ್ತಲಿನ ಗಲ್ಲಿಗಳಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಫೋರ್‌ಮನ್ ಸಾಹೇಬ್ ಎಂದು. ನನಗೆ ಫೋರ್‌ಮನ್ ಚಾಚಾ. ಯಾವ ಕಂಪನಿಯ ಯಾವ ಕಾಗದದಲ್ಲೂ ಅವರು ಫೋರ್‌ಮನ್ ಆಗಿರಲಿಲ್ಲ. ಹರಿಹರದವರು, ಐಟಿಐ ಓದಿ ಅಚ್ಚು ತಯಾರಿಸುವ ಕೆಲಸ ಕಲಿತು, ಇಪ್ಪತ್ತಮೂರನೆಯ ವಯಸ್ಸಿಗೆ ಫರೀದಾಬಾದಿಗೆ ಬಂದವರು. ಫೋರ್‌ಮನ್ ಆಗಬೇಕಿದ್ದ ವರ್ಷವೇ ಲೋಹದ ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನಲ್ಲಿ ಬೆರಳು ಹೋದವು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ ಕಂಪನಿಯವರು ಒಂದು ಇಂಗ್ಲಿಷ್ ಕಾಗದ ತಂದರು. ಅವರು ಎಡಗೈಯಲ್ಲಿ ರುಜು ಹಾಕಿದರು. ಮೂರು ವರ್ಷದ ನಂತರ ಬಡ್ತಿ ಕೇಳಲು ಹೋದಾಗ ಆ ಕಾಗದದಲ್ಲಿ ಏನಿತ್ತೆಂದು ಗೊತ್ತಾಯಿತು: ಅಪಘಾತಕ್ಕೆ ಕಾರ್ಮಿಕನ ಅಜಾಗರೂಕತೆಯೇ ಕಾರಣ. ಅಜಾಗರೂಕನನ್ನು ಫೋರ್‌ಮನ್ ಮಾಡುವುದು ಹೇಗೆ ಎಂದು ಕೇಳಿದರಂತೆ. ಅವತ್ತಿನಿಂದ ಜೊತೆಯ ಕೆಲಸಗಾರರೇ ಅವರನ್ನು ಫೋರ್‌ಮನ್ ಎಂದು ಕರೆಯತೊಡಗಿದರು. ಮ್ಯಾನೇಜರ್ ಕೇಳಿಸಿಕೊಳ್ಳಲಿ ಎಂದು ಗಟ್ಟಿಯಾಗಿ.

ನಾನು ಅವರ ಮೇಲ್ಮಹಡಿಯ ಬಾಡಿಗೆದಾರಳು. ಕನ್ನಡ ಪತ್ರಿಕೆಯೊಂದರ ದೆಹಲಿ ಕಚೇರಿಯಲ್ಲಿ ವರದಿಗಾರ್ತಿ. ಮನೆ ನೋಡಲು ಬಂದ ದಿನ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದುದನ್ನು ಕೇಳಿ ಅವರು ಒಳಗಿನಿಂದ ಕೂಗಿದ್ದರು: “ಬಾಡಿಗೆ ಆಮೇಲೆ ಮಾತಾಡೋಣ. ಮೊದ್ಲು ಯಾವ ಊರು ಹೇಳು.” ಪತ್ರಿಕೆಯವಳೆಂದು ತಿಳಿದ ಮೇಲೆ ನನಗೆ ಪೇಪರಮ್ಮ ಎಂದು ಹೆಸರಿಟ್ಟರು. ಅವರ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದವರು, ಅವರೊಡನೆ ಉರ್ದುವಿನಲ್ಲಿ ಜಗಳವಾಡಿ ನನ್ನೊಡನೆ ಕನ್ನಡದಲ್ಲಿ ದೂರು ಹೇಳುತ್ತಿದ್ದರು.

ನಿವೃತ್ತಿಯ ನಂತರ ಭಾನುವಾರದ ಬೆಳಿಗ್ಗೆಗಳಲ್ಲಿ ಚಾಚಾನ ವರಾಂಡದಲ್ಲಿ ಚಪ್ಪಲಿಗಳ ಸಾಲು ಇರುತ್ತಿತ್ತು. ಪ್ರೆಸ್ ಶಾಪುಗಳಲ್ಲಿ ದುಡಿಯುವ ಗಂಡಸರು, ಹೆಂಗಸರು ಅರ್ಜಿ ಬರೆಸಲು ಬರುತ್ತಿದ್ದರು. ರಜೆ ಕೊಡದಿದ್ದಕ್ಕೆ, ಗುರುತಿನ ಚೀಟಿ ಕೊಡದಿದ್ದಕ್ಕೆ, ಯಂತ್ರಕ್ಕೆ ಗಾರ್ಡ್ ಹಾಕದಿದ್ದಕ್ಕೆ. ಗಾರ್ಡ್ ಎಂದರೆ ಪ್ರೆಸ್ಸಿನ ಬಾಯಿಗೆ ಅಡ್ಡ ಬರುವ ಕಬ್ಬಿಣದ ಜಾಲರಿ. ಅದು ಮುಚ್ಚಿರುವಾಗ ಕೈ ಒಳಗೆ ಹೋಗದು. ಅದನ್ನು ತೆರೆದು ಮುಚ್ಚುವುದಕ್ಕೆ ಹಿಡಿಯುವ ಎರಡು ಮೂರು ಸೆಕೆಂಡು ಉಳಿಸಲು ಎಷ್ಟೋ ಕಡೆ ಅದನ್ನು ಬಿಚ್ಚಿಡುತ್ತಾರೆ.

ಅರ್ಜಿ ಬರೆಯುವುದರಲ್ಲಿ ಅವರದೇ ಒಂದು ಕ್ರಮವಿತ್ತು. ಪ್ರತಿ ಅರ್ಜಿಯನ್ನೂ ಎರಡು ಸಲ ಬರೆಯುತ್ತಿದ್ದರು. ಮೊದಲು ಕನ್ನಡದಲ್ಲಿ, ಮನಸ್ಸಿಗೆ ಬಂದ ಹಾಗೆ, ಬೈಗುಳ ಸಮೇತ. ಅದನ್ನೊಂದು ಕಡತವಾಗಿ ಉಳಿಸಿ, ಎದ್ದು ಹೋಗಿ ಒಂದು ಲೋಟ ಚಹಾ ಕುಡಿದು ಬಂದು, ಅದರ ವಿಷಯವನ್ನಷ್ಟೇ ಹಿಂದಿಯಲ್ಲಿ ಬರೆಯುತ್ತಿದ್ದರು. ಹಿಂದಿಯ ಕಾಗದದಲ್ಲಿ ದಿನಾಂಕ, ಯಂತ್ರದ ಸಂಖ್ಯೆ, ಏನಾಯಿತು, ಏನು ಬೇಕು, ಇಷ್ಟೇ. ಒಂದು ವಿಶೇಷಣ ಕೂಡ ಇರುತ್ತಿರಲಿಲ್ಲ. “ಸಿಟ್ಟು ಕನ್ನಡದಾಗೆ ಖಾಲಿ ಆಗ್ಬೇಕು. ಹಿಂದಿಗೆ ಬರೀ ಕೆಲಸ ಹೋಗ್ಬೇಕು” ಎನ್ನುತ್ತಿದ್ದರು. ವರದಿ ಬರೆಯುವುದನ್ನು ನನಗೆ ಕಲಿಸಿದ ಸುದ್ದಿಮನೆಗಳಲ್ಲಿ ಯಾರೂ ಇದನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ.

ಹೊಸ ಲ್ಯಾಪ್‌ಟಾಪ್ ಕೊಳ್ಳಿ ಎಂದು ನಾನೇ ಎರಡು ಸಲ ಹೇಳಿದ್ದೆ. ಅವರು ನನ್ನ ಲ್ಯಾಪ್‌ಟಾಪಿನ ಮೇಲೆ ಬಲಗೈ ಇಟ್ಟು ತೋರಿಸಿದರು. ಉಂಗುರ ಬೆರಳು ಒಂದು ಅಕ್ಷರ ಮುಟ್ಟಿದರೆ ಮುಂದಿನದಕ್ಕೆ ಇಡೀ ಕೈಯೇ ಹೊರಡಬೇಕು. “ನೋಡಮ್ಮ, ಇದರಾಗೆ ನನ್ನ ಕೈ ಬಸ್ ಹಿಡಿಯೋಕೆ ಓಡ್ದಂಗೆ ಓಡ್ತದೆ. ಆ ಡಬ್ಬೀಲಿ ಕೂತಲ್ಲೇ ಎಲ್ಲ ಸಿಗ್ತದೆ.” ನೆಟ್‌ಬುಕ್ಕಿನ ಕಿರಿದಾದ ಕೀಲಿಗಳು ಅವರ ಮೂರು ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದ್ದವು.

ಅದು ಕೈಕೊಟ್ಟ ಹೊತ್ತು ಮಾತ್ರ ಕೆಟ್ಟದ್ದಾಗಿತ್ತು. ಎದುರು ಗಲ್ಲಿಯಲ್ಲಿದ್ದ ಬಿಹಾರದ ಹೆಣ್ಣುಮಗಳೊಬ್ಬಳು, ಇಪ್ಪತ್ತನಾಲ್ಕು ವರ್ಷದವಳು, ಆ ವರ್ಷದ ಮಳೆಗಾಲದಲ್ಲಿ ಒಂದು ಬಿಡಿಭಾಗಗಳ ಕಾರ್ಖಾನೆಯ ಮೂರನೇ ಪ್ರೆಸ್ಸಿನಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದಳು. ಕಂಪನಿಯ ವರದಿಯ ಪ್ರಕಾರ ಗಾರ್ಡನ್ನು ಬಿಚ್ಚಿದವಳು ಅವಳೇ, ಅಪಘಾತಕ್ಕೆ ಕಾರಣ ಅವಳ ಅಜಾಗರೂಕತೆ. ಆ ವರದಿ ಹಾಗೇ ನಿಂತರೆ ಅವಳಿಗೆ ಅಲ್ಲಿಯೂ ಕೆಲಸವಿಲ್ಲ, ಬೇರೆಲ್ಲಿಯೂ ಇಲ್ಲ. ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆಗೆ ದಿನ ಗೊತ್ತಾಗಿತ್ತು. ನೆಟ್‌ಬುಕ್ ನಿಂತ ದಿನಕ್ಕೆ ಇನ್ನು ಒಂಬತ್ತು ದಿನ.

ಅದೇ ಪ್ರೆಸ್ಸಿನ ಬಗ್ಗೆ ಚಾಚಾ ಅಪಘಾತಕ್ಕೆ ಮೊದಲೇ ಕಂಪನಿಯ ಮ್ಯಾನೇಜರಿಗೆ ಮೂರು ಕಾಗದ ಬರೆದಿದ್ದರು, ಅಲ್ಲಿನ ಕೆಲಸಗಾರರ ಪರವಾಗಿ. ಮೊದಲನೆಯದು ಗಾರ್ಡ್ ಸಡಿಲಾಗಿದೆ ಎಂದು. ಎರಡನೆಯದು ಅಪಘಾತಕ್ಕೆ ಐದು ವಾರ ಮೊದಲು: ಗಾರ್ಡನ್ನು ಸೂಪರ್‌ವೈಸರ್ ಬಿಚ್ಚಿಸಿದ್ದಾನೆ ಎಂದು. ಮೂರನೆಯದು, ಹಿಂದಿನ ಎರಡಕ್ಕೂ ಉತ್ತರ ಯಾಕಿಲ್ಲ ಎಂದು. ಮೂರನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದರು, ರಸೀದಿಗಳಿದ್ದವು. ಪ್ರತಿಗಳನ್ನು ಮಾತ್ರ ಅಚ್ಚು ಹಾಕಿಸಿ ಇಟ್ಟುಕೊಂಡಿರಲಿಲ್ಲ. ಡಬ್ಬಿಯಲ್ಲಿ ಇದೆಯಲ್ಲ ಎಂಬ ಧೈರ್ಯ. ಕಂಪನಿಯ ಉತ್ತರ ಹೀಗಿತ್ತು: ಲಕೋಟೆಗಳು ಬಂದದ್ದು ನಿಜ, ಒಳಗೆ ಹಬ್ಬದ ಶುಭಾಶಯ ಪತ್ರಗಳಿದ್ದವು.

“ಕೇಳ್ದೇನೇ?” ಎಂದು ಚಾಚಾ ಹೆಂಡತಿಗೆ ಹೇಳಿದ್ದರು. “ಆ ಮ್ಯಾನೇಜರಿಗೆ ನಾನು ವರ್ಷಕ್ಕೆ ಮೂರು ಸಲ ಮುಬಾರಕ್ ಹೇಳ್ತೀನಂತೆ.”

“ನನಗೆ ಒಂದು ಸಲಾನೂ ಹೇಳಿಲ್ಲ” ಎಂದರು ಚಾಚಿ.

ಆ ಬೆಳಿಗ್ಗೆ ನಾನು ಕೆಳಗಿಳಿದು ಹೋದಾಗ ನೆಟ್‌ಬುಕ್ಕಿನ ಬೆನ್ನು ಬಿಚ್ಚಿತ್ತು. ಸ್ಕ್ರೂಗಳು ಇಡ್ಲಿ ತಟ್ಟೆಯ ಕುಳಿಗಳಲ್ಲಿದ್ದವು, ಯಾವ ಮೂಲೆಯದು ಯಾವ ಕುಳಿಗೆ ಎಂದು ಲೆಕ್ಕವಾಗಿ. “ನಾಳೆ ಇಡ್ಲೀಲಿ ಸ್ಕ್ರೂ ಸಿಕ್ಕರೆ ನನ್ನ ಕೇಳಬೇಡಿ” ಎಂದು ಚಾಚಿ ಒಳಗಿನಿಂದ ಎಚ್ಚರಿಸಿದರು. ಫ್ಯಾನು ಒರೆಸಿ, ತಂತಿಗಳನ್ನು ಒತ್ತಿ, ಮತ್ತೆ ಮುಚ್ಚಿ ಗುಂಡಿ ಒತ್ತಿದರು. ಬಿಳಿ ಗೆರೆ ಮಿಣುಕಿತು. ಅಷ್ಟೇ.

ಮಾರುಕಟ್ಟೆಯ ರಿಪೇರಿ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. “ಅಂಕಲ್‌ಜೀ, ಇದನ್ನ ಮ್ಯೂಸಿಯಂಗೆ ಕೊಡಿ. ಸಿಸ್ಟಂ ಹೋಗಿದೆ. ಫಾರ್ಮ್ಯಾಟ್ ಮಾಡಬೇಕು, ಒಳಗಿರೋದೆಲ್ಲ ಅಳಿಸಿಹೋಗುತ್ತೆ.”

“ಒಳಗಿರೋದಕ್ಕೇ ಬಂದಿರೋದು ಭಯ್ಯಾ, ಡಬ್ಬಿಗಲ್ಲ.”

“ಹಾಗಾದ್ರೆ ಡಿಸ್ಕ್ ಬಿಚ್ಚಿ ಬಿಟ್ಟು ಹೋಗಿ. ನಾಲ್ಕು ದಿನ ಬಿಟ್ಟು ನೋಡೋಣ.”

ಚಾಚಾ ನೆಟ್‌ಬುಕ್ಕನ್ನು ಅವನ ಕೈಯಿಂದ ತೆಗೆದುಕೊಂಡು ಟವೆಲಿನಲ್ಲಿ ಸುತ್ತಿದರು. ಹೊರಗೆ ಬಂದು, “ಒಂದು ಸಲ ಆಸ್ಪತ್ರೇಲಿ ನಂದು ಅಂತ ಇದ್ದದ್ದನ್ನ ಇನ್ನೊಬ್ಬರ ಕೈಗೆ ಬಿಟ್ಟಿದ್ದೆ. ಸಾಕು” ಎಂದರು.

ನಮ್ಮ ಪತ್ರಿಕಾ ಕಚೇರಿಯ ಹಳೆಯ ಕಂಪ್ಯೂಟರುಗಳು ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಮೇಲೆ ಓಡುತ್ತಿದ್ದುದರಿಂದ ನನಗೆ ಒಂದು ವಿಷಯ ಗೊತ್ತಿತ್ತು. ಅದನ್ನು ಪೆನ್ ಡ್ರೈವಿನಿಂದಲೇ ಚಾಲೂ ಮಾಡಬಹುದು, ಡಿಸ್ಕನ್ನು ಅಳಿಸದೆ ಒಳಗೇನಿದೆ ಎಂದು ನೋಡಬಹುದು. ಇದನ್ನು ಹೇಳಿದಾಗ ಚಾಚಾ ಕೇಳಿದರು, “ಅಂದ್ರೆ ಬೀಗ ಒಡೀದೆ ಕಿಟಕೀಲಿ ಇಣುಕೋದು?” “ಹೌದು.” “ಹಂಗಾದ್ರೆ ಆಗಲಿ.”

ಮರುದಿನ ಕಚೇರಿಯಲ್ಲಿ ಪೆನ್ ಡ್ರೈವ್ ಸಿದ್ಧಮಾಡಿ, ಮೆಟ್ರೊದಲ್ಲಿ ಜೋಪಾನವಾಗಿ ತಂದು ಚುಚ್ಚಿದೆ. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂದು ಎಲ್ಲವೂ ನಿಂತಿತು. ನಾನು ಆರಿಸಲು ಕೈ ಚಾಚಿದೆ. ಚಾಚಾ ನನ್ನ ಮಣಿಕಟ್ಟು ಹಿಡಿದರು.

“ಮೊದ್ಲು ಓದು. ಆಮೇಲೆ ಹೆದರ್ಕೋ.”

“ಏನೋ ಎರರ್ ಚಾಚಾ.”

“ಎರರ್ ಅನ್ನೋದು ಅದರ ಹೆಸರು. ಅದು ಏನು ಹೇಳ್ತಿದೆ? ಗಟ್ಟಿಯಾಗಿ ಓದು. ಎರಡು ಸಲ.”

ಓದಿದೆ. ತನಗೆ ಅರವತ್ತನಾಲ್ಕು ಬಿಟ್ಟಿನ ಪ್ರೊಸೆಸರ್ ಬೇಕು, ಇಲ್ಲಿರುವುದು ಹಳೆಯ ಬಗೆಯದು ಎಂದು ಅದು ಹೇಳುತ್ತಿತ್ತು. ಅರ್ಥ ಹೇಳಿದಾಗ ಚಾಚಾನ ಮುಖ ಅರಳಿತು. “ಸತ್ತಿದ್ದರೆ ಇಷ್ಟು ಮಾತಾಡ್ತಿತ್ತೇನು? ಏನು ಬೇಕು, ಏನಿದೆ, ಎರಡೂ ಬಾಯಿಬಿಟ್ಟು ಹೇಳಿದೆ. ಮೂವತ್ತು ವರ್ಷದಾಗೆ ಯಾವ ಮ್ಯಾನೇಜರೂ ನನಗೆ ಇಷ್ಟು ಸರಿಯಾಗಿ ಉತ್ತರ ಕೊಟ್ಟಿಲ್ಲ.”

ಹಳೆಯ ಪ್ರೊಸೆಸರುಗಳನ್ನು ಬಹುತೇಕ ಎಲ್ಲರೂ ಕೈಬಿಟ್ಟಿದ್ದರು. ಇನ್ನೂ ಬಿಡದವರು ಮಾಡಿದ ಒಂದು ಚಿಕ್ಕ ಲಿನಕ್ಸನ್ನು ಹುಡುಕಲು ನನಗೆ ಮತ್ತೊಂದು ದಿನ ಹಿಡಿಯಿತು. ಎರಡನೆಯ ಸಂಜೆ, ಎದುರು ಗಲ್ಲಿಯ ಹೆಣ್ಣುಮಗಳೂ ಬಂದು ಬಾಗಿಲ ಬಳಿ ಕೂತಿದ್ದಳು. ಕೈಗೆ ಇನ್ನೂ ಪಟ್ಟಿಯಿತ್ತು. ಪರದೆ ಬೆಳಗಿತು. ಹಳೆಯ ಡಿಸ್ಕು ಎಡಬದಿಯಲ್ಲಿ ಒಂದು ಚಿಕ್ಕ ಚಿತ್ರವಾಗಿ ಕಂಡಿತು. ತೆರೆದರೆ ಎಲ್ಲವೂ ಇತ್ತು: ಹಿಂದಿಯ ಮೂರು ಕಾಗದಗಳು, ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಕೊನೆಯ ಸಲ ಉಳಿಸಿದ ದಿನಾಂಕ. ಚಾಚಾ ಅಂಚೆ ರಸೀದಿಗಳನ್ನು ತಂದು ಪಕ್ಕದಲ್ಲಿಟ್ಟು ಹೊಂದಿಸಿ ನೋಡಿದರು. ಕಾಗದ ಬರೆದ ಮರುದಿನವೇ ಅಂಚೆಗೆ ಹಾಕಿದ್ದು. ಮೂರೂ ತಾಳೆಯಾದವು.

ಹೆಣ್ಣುಮಗಳು ಕೇಳಿದಳು, “ಚಾಚಾ, ಇದು ಸಾಕಾ?”

“ಸಾಕು ಬೇಟಿ.”

ಸರಿಯಾಗಿ ತೆರೆಯುತ್ತದೋ ಇಲ್ಲವೋ ನೋಡೋಣ ಎಂದು ನಾನು ಎರಡನೆಯ ಕಾಗದ ತೆರೆದೆ. ಹಿಂದಿ ಅಕ್ಷರಗಳು ಸರಿಯಾಗಿದ್ದವು. ಕೊನೆಯವರೆಗೆ ಓದಿದೆ. ಓದಿ ಮುಗಿಸಿ, ಮುಚ್ಚುವ ಮೊದಲು, ನನ್ನ ಎಡಗೈ ತಾನಾಗಿ ಎರಡು ಕೀಲಿ ಒತ್ತಿತು. ಸೇವ್. ನಾನು ಕೆಲಸಕ್ಕೆ ಸೇರಿದ ಮೊದಲ ಪತ್ರಿಕೆಯಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತಿತ್ತು. ಉಳಿಸದೆ ಕಳೆದುಕೊಂಡ ಒಂದು ಪುಟಕ್ಕಾಗಿ ಇಡೀ ಡೆಸ್ಕಿನ ಮುಂದೆ ಬೈಸಿಕೊಂಡವಳು ನಾನು. ಅಂದಿನಿಂದ ಸಾಲಿಗೊಮ್ಮೆ ಸೇವ್ ಒತ್ತುವುದು ಉಸಿರಾಟದ ಹಾಗೆ. ಹಳೆಯ ಬಗೆಯಲ್ಲೇ ಉಳಿಸಲೇ ಎಂದು ಪರದೆ ಕೇಳಿತು. ಓದದೆ ಹೂಂ ಎಂದೆ.

ಮುಚ್ಚಿ ನೋಡಿದರೆ ಎರಡನೆಯ ಕಾಗದದ ಪಕ್ಕ ಅಂದಿನ ದಿನಾಂಕವಿತ್ತು.

ಮೂರರಲ್ಲಿ ಅದೇ ಮುಖ್ಯವಾದದ್ದು. ಗಾರ್ಡನ್ನು ಬಿಚ್ಚಿಸಿದ್ದು ಯಾರೆಂದು ಅದೊಂದರಲ್ಲೇ ಇದ್ದದ್ದು. ಬೇರೆ ಪ್ರತಿ ಇನ್ನೂ ಮಾಡಿರಲಿಲ್ಲ. ಹೆಣ್ಣುಮಗಳಿಗೆ ಏನಾಯಿತೆಂದು ತಿಳಿಯಲಿಲ್ಲ. ಏನೋ ಕೆಟ್ಟಿತೆಂದು ಮಾತ್ರ ನಮ್ಮ ಮುಖಗಳನ್ನು ನೋಡಿ ತಿಳಿಯಿತು.

ದಿನಾಂಕ ಬದಲಿಸುವುದು ಕಷ್ಟವಲ್ಲ ಎಂದು ನನಗೆ ಗೊತ್ತಿತ್ತು. ಒಂದು ಸಾಲಿನ ಆಜ್ಞೆ ಸಾಕು. ಹಾಗೆಂದು ಹೇಳಿದೆ. “ಇದ್ದ ದಿನಾಂಕವನ್ನೇ ವಾಪಸ್ ಹಾಕೋದು ಚಾಚಾ. ಸುಳ್ಳಲ್ಲ.”

“ನೀನು ಹಾಕಿದ ದಿನಾಂಕ ಆಗ್ತದೆ ಅದು.”

“ಆದರೆ ಅದೇ ನಿಜವಾದ ದಿನಾಂಕ.”

“ನನ್ನ ಆಸ್ಪತ್ರೆ ಕಾಗದದ ಮೇಲಿದ್ದ ರುಜೂನೂ ನಿಜವಾದದ್ದೇ ಆಗಿತ್ತಮ್ಮ.” ಅವರ ದನಿ ಏರಲಿಲ್ಲ. “ಒಂದಕ್ಕೆ ಕೈ ಹಾಕಿದ್ರೆ ಮೂರೂ ಕೆಡ್ತವೆ. ಇದ್ದದ್ದು ಇದ್ದ ಹಂಗೇ ಇರಲಿ. ಹೆದರಿ ಮಾಡೋ ಕೆಲಸ ಬೇಡ.”

ಆಮೇಲೆ ಹೆಣ್ಣುಮಗಳಿಗೆ ನಡೆದದ್ದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದರು, ತಪ್ಪು ಯಾರದೆಂದು ಮಾತ್ರ ಹೇಳಲಿಲ್ಲ. ನಾನೇ ಹೇಳಿದೆ. ಅವಳು ನನ್ನ ಕಡೆ ತಿರುಗಿ, “ದೀದಿ, ನೀವು ಓದಿದವರು. ನಿಮ್ಮ ಕೈಯೂ ತಪ್ಪುತ್ತೆ ಅಂತ ಅಲ್ಲಿ ಬಂದು ಹೇಳಿ” ಎಂದಳು.

ಬೇರೆ ಪೆನ್ ಡ್ರೈವಿಗೆ ಎಲ್ಲವನ್ನೂ ಪ್ರತಿ ಮಾಡಿದೆವು. ಈ ಸಲ ನಾನು ಕೀಲಿ ಮುಟ್ಟಲಿಲ್ಲ. ವಿಚಾರಣೆಗೆ ಲಿಖಿತ ಹೇಳಿಕೆ ಸಿದ್ಧವಾಗಬೇಕಿತ್ತು; ಅದಕ್ಕೆ ಚಾಚಾನಿಗೆ ಅವರದೇ ಕೀಬೋರ್ಡು ಬೇಕಿತ್ತು. ಪೆನ್ ಡ್ರೈವಿನಿಂದ ನಡೆಯುವಾಗ ಬರೆದದ್ದು, ಹಳೆಯ ಕಡತಗಳ ನಡುವೆ ಉಳಿಸದಿದ್ದರೆ, ಆರಿಸಿದ ಕೂಡಲೇ ಹೋಗುತ್ತಿತ್ತು; ಆ ಕಡತಗಳ ಜಾಗವನ್ನು ಮತ್ತೆ ಮುಟ್ಟುವಂತಿರಲಿಲ್ಲ. ಹಾಗಾಗಿ ಲಿನಕ್ಸನ್ನು ನೆಟ್‌ಬುಕ್ಕಿನ ಒಳಗೇ ಹಾಕಬೇಕೆಂದು ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ, ಅರ್ಜಿಯವರನ್ನೆಲ್ಲ ಮುಂದಿನ ವಾರ ಬನ್ನಿ ಎಂದು ಕಳಿಸಿ, ಅವರೇ ಮುಂದೆ ಕೂತರು.

ಮೊದಲ ಪ್ರಶ್ನೆ ಭಾಷೆಯದು. ಇಂಗ್ಲಿಷೇ ಇರಲಿ, ಏನಾದರೂ ಕೆಟ್ಟರೆ ಹುಡುಕುವುದು ಸುಲಭ ಎಂದೆ. ಪಟ್ಟಿಯಲ್ಲಿ ಒಂದೊಂದೇ ಹೆಸರು ಓದುತ್ತ ಇಳಿದು ಅವರು ಕನ್ನಡದ ಮೇಲೆ ನಿಂತರು. “ಒಂದು ಇಂಗ್ಲಿಷ್ ಕಾಗದಕ್ಕೆ ರುಜು ಹಾಕಿದ್ದು ಸಾಕಾಗಿದೆ.” ಪ್ರತಿ ಪುಟವನ್ನೂ ಗಟ್ಟಿಯಾಗಿ ಎರಡು ಸಲ ಓದಿದರು. ಒಂದು ಪುಟದಲ್ಲಿ ಎರಡು ದಾರಿ ಇದ್ದವು: ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹಾಕುವುದು, ಅಥವಾ ಹಳೆಯದನ್ನು ಉಳಿಸಿ ಪಕ್ಕದ ಖಾಲಿ ಜಾಗದಲ್ಲಿ ಹಾಕುವುದು. ಸುಲಭದ್ದು ಮೊದಲನೆಯದು, ಆಯ್ಕೆಯ ಚುಕ್ಕೆ ಆಗಲೇ ಅದರ ಮೇಲೆ ಕೂತಿತ್ತು. “ನೋಡ್ದೇನು? ಇದೂ ಮಂಚದ ಮೇಲೆ ಮಲಗಿದ್ದವನ ಕೈಗೆ ಕಾಗದ ಕೊಡೋ ಥರಾನೇ” ಎನ್ನುತ್ತ ಉಂಗುರ ಬೆರಳಿನಿಂದ ಚುಕ್ಕೆಯನ್ನು ಎರಡನೆಯದಕ್ಕೆ ಸರಿಸಿದರು.

ನೀಲಿ ಪಟ್ಟಿ ನಿಧಾನವಾಗಿ ತುಂಬತೊಡಗಿತು. ಚಾಚಿ ಅವರೆಕಾಳು ಸುಲಿಯುತ್ತ ಬಂದು ಪಕ್ಕದಲ್ಲಿ ಕೂತರು. “ಇದೇನು, ಕನ್ನಡದಾಗೆ ಬಂದ್ಬಿಟ್ಟಿದೆ! ನಲವತ್ತು ವರ್ಷದ ಮೇಲೆ ಈ ಮನೇಲಿ ನಿಮ್ಮ ಮಾತು ಕೇಳೋದು ಒಂದು ಸಿಕ್ತು ನೋಡಿ.” ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ಚಾಚಾ ಹೇಳಿಕೆ ಬರೆಯಲು ಕೂತರು, ಎಂದಿನಂತೆ ಮೊದಲು ಕನ್ನಡದಲ್ಲಿ. ಆಗ ಅವರ ಕೈ ಅರ್ಧದಲ್ಲಿ ನಿಂತಿತು.

“ಪೇಪರಮ್ಮ. ಎರಡನೇ ಕಾಗದದ ಕನ್ನಡದ್ದು?”

ಮೂರೂ ಹಿಂದಿ ಕಾಗದಗಳಿಗೆ ಕನ್ನಡದ ಕರಡುಗಳಿದ್ದವು, ಬೇರೆ ಫೋಲ್ಡರಿನಲ್ಲಿ. ಸಿಟ್ಟು ತೀರಿಸಿಕೊಳ್ಳಲು ಬರೆದವನ್ನು ಅವರು ಅಳಿಸುತ್ತಿರಲಿಲ್ಲ. ಎರಡನೆಯದರ ಕರಡಿನ ದಿನಾಂಕ ಅಂಚೆ ರಸೀದಿಗಿಂತ ಒಂದು ದಿನ ಮೊದಲಿನದು. ಅದನ್ನು ನಾನು ತೆರೆದಿರಲಿಲ್ಲ.

“ಇದನ್ನ ಅಲ್ಲಿ ಓದೋಕಾಗುತ್ತಾ ಚಾಚಾ?” ಎಂದೆ, ಪ್ರತಿಯನ್ನು ಓದಿ ನೋಡಿದ ಮೇಲೆ.

“ಯಾಕಾಗಲ್ಲ? ನೀನು ಹಿಂದಿಗೆ ಮಾಡು. ಒಂದಕ್ಷರ ಬಿಡಬೇಡ.”

ನಾನು ನಮ್ಮ ಬ್ಯೂರೊ ಮುಖ್ಯಸ್ಥರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. “ಹಾಗಾದರೆ ನೀವೀಗ ಸಾಕ್ಷಿ. ವರದಿಗಾರ್ತಿ ಅಲ್ಲ” ಎಂದರು ಅವರು. ಈ ಪ್ರಕರಣದ ಬಗ್ಗೆ ನಾನು ಪತ್ರಿಕೆಯಲ್ಲಿ ಒಂದು ಸಾಲೂ ಬರೆದಿಲ್ಲ.

ವಿಚಾರಣೆಯ ಕೋಣೆ ಚಿಕ್ಕದು. ಅಧಿಕಾರಿ, ಒಬ್ಬ ಗುಮಾಸ್ತ, ಕಂಪನಿಯ ವಕೀಲ, ಮ್ಯಾನೇಜರ್, ನಾವು ಮೂವರು. ಚಾಚಾ ಟವೆಲ್ ಬಿಚ್ಚಿ ನೆಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಅದು ಏಳಲು ಎರಡು ನಿಮಿಷ ತೆಗೆದುಕೊಂಡಿತು.

“ಇದೇನು ಆಟಿಕೆಯೇ?” ವಕೀಲ ನಕ್ಕ.

“ಜೀ. ಮಕ್ಕಳಿಗೂ ಓದೋಕೆ ಬರೋ ಹಾಗೆ” ಎಂದರು ಚಾಚಾ.

ಅಧಿಕಾರಿ ಪರದೆಗೆ ಬಗ್ಗಿದರು. “ಇದ್ಯಾವ ಭಾಷೆ?”

“ಕನ್ನಡ, ಸರ್. ಬಾಗಿಲು ಮಾತ್ರ ಕನ್ನಡ. ಒಳಗೆ ಹಿಂದಿ.”

ಮೊದಲನೆಯ ಮತ್ತು ಮೂರನೆಯ ಕಾಗದಗಳ ದಿನಾಂಕವನ್ನು ರಸೀದಿಗಳ ಜೊತೆ ಹೋಲಿಸಿ ಗುಮಾಸ್ತ ಬರೆದುಕೊಂಡ. ಎರಡನೆಯದಕ್ಕೆ ಬಂದಾಗ ವಕೀಲ ಎದ್ದು ನಿಂತ. ಕಳೆದ ವಾರದ ದಿನಾಂಕ! ಕಳೆದ ವಾರ ಕೂತು ಬರೆದ ಕಾಗದ! ಉಳಿದೆರಡನ್ನೂ ಹೀಗೇ ತಯಾರಿಸಿ ದಿನಾಂಕ ತಿದ್ದಿದ್ದಾರೆ ಎಂದ. ನಾನು ಎದ್ದು, ಅದನ್ನು ಸೇವ್ ಮಾಡಿದವಳು ನಾನು, ಇಂಥ ದಿನ, ಇಂಥ ಹೊತ್ತಿಗೆ, ತಪ್ಪಿನಿಂದ, ಎಂದು ಹೇಳಿಕೆ ಕೊಟ್ಟೆ. ವಕೀಲ ಅಧಿಕಾರಿಯ ಕಡೆ ತಿರುಗಿ, ಎಂಥ ಅನುಕೂಲವಾದ ತಪ್ಪು ಎಂದ.

ಚಾಚಾ ಕೂತಲ್ಲಿಂದಲೇ ಕೇಳಿದರು, “ವಕೀಲ್ ಸಾಹೇಬ್, ದಿನಾಂಕ ತಿದ್ದೋಕೆ ನನಗೆ ಬರುತ್ತೆ ಅಂತೀರಿ. ಅಚ್ಛಾ. ಎರಡನ್ನ ಸರಿಯಾಗಿ ತಿದ್ದಿ, ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ್ದನ್ನೇ ಯಾಕೆ ಹೀಗೆ ಬಿಟ್ಟೆ?”

ವಕೀಲ ಕಾಗದಗಳನ್ನು ತಿರುವಿಹಾಕಿದ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ನಂತರ ಕರಡು. ನಾನು ಒಂದು ಸಾಲು ಕನ್ನಡ ಓದಿ, ಅದರ ಹಿಂದಿ ಹೇಳುತ್ತ ಹೋದೆ. ಮೂಲ ಹೀಗಿತ್ತು: “ಲೇ ಮ್ಯಾನೇಜರಾ, ನಿನ್ನ ಕ್ಯಾಬಿನ್ ಬಾಗಿಲಿಗೆ ಎರಡು ಚಿಲಕ ಇದಾವೆ. ಟೇಬಲ್ ಮೇಲೆ ಗಾಜು, ಗಾಜಿನ ಮೇಲೆ ಬಟ್ಟೆ. ಮೂರನೇ ಪ್ರೆಸ್ಸಿನ ಬಾಯಿಗೆ ಜಾಲರಿ ಇಲ್ಲ. ಇದ್ದದ್ದನ್ನ ನಿನ್ನ ಸೂಪರ್‌ವೈಸರ್ ಸೋಮವಾರ ಬಿಚ್ಚಿಸಿ ಸ್ಟೋರಿನ ಹಿಂದೆ ಎಸೆದಿದಾನೆ, ಪೀಸು ಬೇಗ ಬರಲಿ ಅಂತ. ನಿನ್ನ ಬೆರಳು ಒಂದ್ಸಲ ಅಲ್ಲಿಟ್ಟು ನೋಡು, ಕತ್ತೆ.”

“ಕೊನೆಯ ಪದವೂ ಇದೆಯೇ?” ಎಂದರು ಅಧಿಕಾರಿ.

“ಇದೆ ಸರ್.”

“ಹಬ್ಬದ 'ಶುಭಾಶಯ'ದಲ್ಲಿ ಇಂಥ ಪದ ಬರೋದಿಲ್ಲ” ಎಂದು ಅವರು ಗುಮಾಸ್ತನಿಗೆ ಹೇಳಿದರು. “ಬರೆದುಕೋ.”

ಕೊನೆಗೆ ಹೆಣ್ಣುಮಗಳನ್ನು ಕೇಳಿದರು. ಅವಳು ಮ್ಯಾನೇಜರನ ಕಡೆ ತಿರುಗಿ ನಿಂತಳು. “ಬೆರಳು ಹೋದಾಗ ನನ್ನನ್ನ ಆ ಪ್ರೆಸ್ಸಿಗೆ ಹಾಕಿ ಹದಿನೈದು ದಿನವೂ ಆಗಿರಲಿಲ್ಲ. ನಾನು ಅದರ ಗಾರ್ಡನ್ನ ನೋಡೇ ಇಲ್ಲ. ನೋಡದೇ ಇರೋದನ್ನ ಬಿಚ್ಚೋದು ಹೇಗೆ ಅಂತ ಸಾಹೇಬರು ಹೇಳಿಕೊಡಲಿ.”

ಹೊರಗೆ ಬಂದ ಮೇಲೆ ಚಾಚಾ ಆಟೊಗೆ ಕೈ ಅಡ್ಡ ಹಿಡಿಯುತ್ತ ನನಗೆ ಹೇಳಿದ್ದು ಇಷ್ಟೇ: “ಹಿಂದಿಯಲ್ಲಿ ನಿನ್ನ ಬೈಗುಳ ಸ್ವಲ್ಪ ಮೆತ್ತಗಾಯ್ತು.”

ಆದೇಶ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ನಡುವೆ ಅವರು ಅದೇ ನೆಟ್‌ಬುಕ್ಕಿನಲ್ಲಿ ಭಾನುವಾರದ ಅರ್ಜಿಗಳನ್ನು ಬರೆಯುತ್ತಲೇ ಇದ್ದರು. ಮುಂದಿನ ಚಳಿಗಾಲದಲ್ಲಿ, ಹೊಗೆ ಗಲ್ಲಿಯೊಳಗೆ ಇಳಿದು ಎದುರು ಮನೆಯೂ ಕಾಣದ ವಾರದಲ್ಲಿ, ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿದರು. ಚಿಕಿತ್ಸೆಗೆ ಒಪ್ಪಿಗೆಯ ಕಾಗದ ತಂದಾಗ ಕನ್ನಡಕ ಕೇಳಿ ಪಡೆದು, ಆಮ್ಲಜನಕದ ಮುಖವಾಡ ಸರಿಸಿ, ನಾಲ್ಕು ಪುಟವನ್ನೂ ಓದಿದರು. ಅರ್ಥವಾಗದ ಎರಡು ಸಾಲುಗಳನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು. ನರ್ಸ್ ಅವಸರ ಮಾಡಿದಾಗ, “ಸಿಸ್ಟರ್, ಸಾಯೋನಿಗೆ ಇಲ್ಲದ ಅರ್ಜೆಂಟು ನಿಮಗ್ಯಾಕೆ?” ಎಂದರು. ಆಮೇಲೆ ಬಲಗೈಯಲ್ಲಿ, ಮೂರು ಬೆರಳಿನಲ್ಲಿ ಪೆನ್ನು ಹಿಡಿದು ರುಜು ಹಾಕಿದರು. ಮೂರು ದಿನದ ನಂತರ ತೀರಿಕೊಂಡರು. ಖಬರಸ್ತಾನಿಗೆ ಬಂದವರಲ್ಲಿ ಬೆರಳು ಪೂರ್ತಿ ಇಲ್ಲದವರು ಬಹಳ ಮಂದಿ ಇದ್ದರು.

ಆದೇಶ ಬಂದದ್ದು ಅದಾಗಿ ಹನ್ನೊಂದು ದಿನಕ್ಕೆ. ಅಪಘಾತದ ಹೊತ್ತಿಗೆ ಮೂರನೇ ಪ್ರೆಸ್ಸಿಗೆ ಗಾರ್ಡ್ ಇರಲಿಲ್ಲ, ಈ ಬಗ್ಗೆ ಆಡಳಿತಕ್ಕೆ ಮುಂಚೆಯೇ ಲಿಖಿತ ಸೂಚನೆ ಇತ್ತು, ಕಾರ್ಮಿಕ ಮಹಿಳೆಯ ಅಜಾಗರೂಕತೆ ಸಾಬೀತಾಗಿಲ್ಲ ಎಂದು ಅದರಲ್ಲಿದೆ. ಹೆಣ್ಣುಮಗಳು ಅದನ್ನು ಚಾಚಿಯ ಮುಂದೆ ಕೂತು ಓದಿದಳು. ಚಾಚಿ ಎರಡು ಸಲ ಓದಿಸಿದರು.

ಕಂಪನಿ ಮೇಲ್ಮನವಿ ಸಲ್ಲಿಸಿದೆ. ಮೂರು ಸಲ ದಿನಾಂಕ ಮುಂದಕ್ಕೆ ಹೋಗಿದೆ. ಮೂರು ಸಲವೂ ಅವಳು ಹಾಜರಾಗಿದ್ದಾಳೆ. ಮೂರನೇ ಪ್ರೆಸ್ಸಿಗೆ ಗಾರ್ಡ್ ಮೊದಲಿನಿಂದಲೂ ಇತ್ತು ಎಂದು ಮೇಲ್ಮನವಿಯ ನಾಲ್ಕನೆಯ ಪುಟದಲ್ಲಿದೆ. ಆ ಪ್ರೆಸ್ಸಿಗೆ ಗಾರ್ಡ್ ಹಾಕಿದ್ದು ಕಳೆದ ಮಂಗಳವಾರ.